ಗಂಗವ್ವ ಮಡಚಿದ ಎರಡನೇ ಎಲೆ

ಗೆಳೆಯರೇ, ಹೃದಯದ ಚಿತ್ರ ಬರೆಯಿರಿ ಅಂದರೆ ಏಳನೇ ತರಗತಿಯ ರೇಣುಕಾ ಇವತ್ತು ಮೊಬೈಲಿನಲ್ಲಿ ಬರುವ ಕೆಂಪು ಹಾರ್ಟ್ ಬರೆದಿದ್ದಳು. ನಾನು ವಿಜ್ಞಾನದ ಟೀಚರು, ತಪ್ಪು ಹಾಕಿದೆ.

"ಹೃದಯ ಹಿಂಗ ಇರಂಗಿಲ್ಲ. ಮುಷ್ಟಿ ಇದ್ದಂಗ ಇರತೈತಿ."

"ಮತ್ತ ಈ ಆಕಾರ ಎಲ್ಲಿಂದ ಬಂತ್ರಿ ಅಕ್ಕೋರ?"

"ಯಾವುದೋ ಎಲಿ ನೋಡಿ ಬರದಾರ ಅಂತಾರ. ಖಾತ್ರಿ ಯಾರಿಗೂ ಗೊತ್ತಿಲ್ಲ."

ಬಿಸಿಯೂಟದ ಪಾತ್ರೆ ತೊಳೆದು ಕಟ್ಟೆಯ ಮೇಲೆ ಕೂತಿದ್ದ ಅಡುಗೆಯ ಗಂಗವ್ವ ಚೀಲದಿಂದ ವೀಳ್ಯದೆಲೆಯೊಂದನ್ನು ತೆಗೆದು, ತೊಟ್ಟು ಹಿಡಿದು ತೂಗುಬಿಟ್ಟಳು. "ಇದ ನೋಡ್ರಿ ಆ ಎಲಿ." ರೇಣುಕಾ ಚಪ್ಪಾಳೆ ಹೊಡೆದಳು. ನಾನು ಸೋತೆ.

ಗಂಗವ್ವ ಮಾತಾಡುತ್ತಲೇ ತೊಟ್ಟು, ತುದಿ ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದಳು. ಒಂದಲ್ಲ, ಎರಡು ಎಲೆ. ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಬಲಕ್ಕೆ ಚಾಚಿದಳು. ಅಲ್ಲಿ ಬರೀ ಕಂಬವಿತ್ತು. ಆಕೆಯ ಗಂಡ ತೀರಿಕೊಂಡು ಮೂರು ವರ್ಷವಾಗಿದೆ. ಚಾಚಿದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ನನ್ನತ್ತ ತಿರುಗಿತು.

"ನೀವ ತಿನ್ರಿ ಅಕ್ಕೋರ."

ತಿಂದೆ. ಬಾಯಿ ಧಗಧಗ ಉರಿಯಿತು. "ಸುಣ್ಣ ಭಾಳ ಆಗೇತಲ್ಲ ಗಂಗವ್ವ!"

"ನಮ್ಮನಿಯವರಿಗೆ ಅಷ್ಟ ಬೇಕಾಗ್ತಿತ್ರಿ."

ರೇಣುಕಾಳ ಚಿತ್ರಕ್ಕೆ ಸರಿ ಹಾಕಿ ಬಂದಿದ್ದೇನೆ. ಹೆಡ್‌ಮಾಸ್ಟರು ಕಾರಣ ಕೇಳಿದರೆ, ಸುಟ್ಟ ನಾಲಿಗೆ ತೋರಿಸುತ್ತೇನೆ.