ನೂರಾ ಹದಿನಾಲ್ಕರವರೆಗೆ ಎಣಿಸಿದವಳು

ಕಂಡದ್ದನ್ನು ಕಂಡಷ್ಟೇ ಹೇಳುವವಳು. ಕಾಣದ್ದನ್ನು ಊಹಿಸಿ ಬರೆಯುವ ಆಮಿಷಕ್ಕೆ ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಒಳಗಾಗದವಳು. ಜ್ವರದಲ್ಲಿ ನಡುಗುತ್ತಲೂ ಮಳೆಯ ಅಳತೆಯನ್ನು ಹೊತ್ತಿಗೆ ಸರಿಯಾಗಿ ತೆಗೆದವಳು. ಮಾತಿನಲ್ಲಿ ಮಿತಭಾಷಿಣಿ, ಬಡಿಸುವುದರಲ್ಲಿ ಧಾರಾಳಿ. ಗಂಡನ ಗೊರಕೆಯನ್ನು ಗುಡುಗೆಂದು ಎಂದೂ ದಾಖಲಿಸದ ಸತ್ಯಸಂಧೆ. ಇಂತಹ ಗುಣನಿಧಿಯನ್ನು ಬೀದಿಯವರು ಮೋಡದಕ್ಕ ಎಂದು ಕರೆಯುತ್ತಿದ್ದರು. ಹವಾಮಾನ ಕೇಂದ್ರದಲ್ಲಿ ಆಕಾಶವನ್ನು ನೋಡಿ ಬರೆಯುವುದು ಆಕೆಯ ಉದ್ಯೋಗವಾಗಿತ್ತು. ತೋಳು ಚಾಚಿ ಮುಷ್ಟಿ ಹಿಡಿದರೆ ಆಕಾಶದ ಹತ್ತು ಡಿಗ್ರಿ. ಹೊಸದೇನು ಕಂಡರೂ ಮನಸ್ಸಿನಲ್ಲೇ ಸೆಕೆಂಡುಗಳ ಎಣಿಕೆ. ಆಕೆ ನಿವೃತ್ತಳಾದರೂ ಈ ಎರಡು ಅಭ್ಯಾಸಗಳು ನಿವೃತ್ತವಾಗಲಿಲ್ಲ.

ಆ ಸಂಜೆ, ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬಳೇ ಮಗಳು ಮೂರು ವರ್ಷಗಳ ಮೇಲೆ ಮನೆಗೆ ಬರುವವಳಿದ್ದಳು. ಆರೂ ಮುಕ್ಕಾಲಿಗೆ ಅವಳ ವಿಮಾನ ಪಡುವಣದಿಂದ ಊರಿನ ಮೇಲೆ ಹಾದು ಇಳಿಯಬೇಕು. ಅದನ್ನು ನೋಡಲೆಂದೇ ಮೋಡದಕ್ಕ ತಾರಸಿ ಹತ್ತಿದ್ದಳು. ಹೇಳಿದ ಹೊತ್ತಿಗೆ ಎರಡು ನಿಮಿಷವಿರುವಾಗ, ಅದೇ ಪಡುವಣದಲ್ಲಿ, ಬೆಂಕಿ ಕಾಣಿಸಿತು.

ಮೊದಲು ಒಂದು, ನೋಡನೋಡುತ್ತ ಮೂರು, ಏಳು, ಆಮೇಲೆ ಲೆಕ್ಕ ತಪ್ಪುವಷ್ಟು. ಕಿತ್ತಳೆ ಬಣ್ಣದ ಉರಿಗಳು ಒಂದರ ಹಿಂದೊಂದು, ತಮ್ಮ ತಮ್ಮ ಬಾಲಗಳನ್ನು ಎಳೆದುಕೊಂಡು, ಸದ್ದೇ ಇಲ್ಲದೆ ನೆತ್ತಿಯ ಮೇಲೆ ಸಾಗಿದವು. ಪಕ್ಕದ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ದರ್ಜಿಯ ಹೆಂಡತಿ ಚೀರಿದಳು.

"ಅಯ್ಯಯ್ಯೋ ಅಕ್ಕಾ, ವಿಮಾನ! ವಿಮಾನ ಉರೀತಿದೆ!"

ಮೋಡದಕ್ಕ ಉರಿಗಳಿಂದ ಕಣ್ಣು ಕೀಳಲಿಲ್ಲ. ಕೊನೆಯ ಕಿಡಿ ಮೂಡಣದ ಕಟ್ಟಡಗಳ ಹಿಂದೆ ಮರೆಯಾದಾಗ, ತನ್ನದೇ ತುಟಿಗಳು "ನೂರಾ ಹದಿನಾಲ್ಕು" ಎಂದದ್ದು ಆಕೆಗೆ ಕೇಳಿಸಿತು.

ಬಸ್ಸುಗಳ ಮೆಕ್ಯಾನಿಕ್ಕಾದ ಗಂಡ ಫೋನು ಹಿಡಿದು ಮೆಟ್ಟಿಲ ಬುಡಕ್ಕೆ ಓಡಿಬಂದ.

"ಅವಳ ಫೋನ್ ಆಫ್ ಆಗಿದೆ ಕಣೇ. ವಿಮಾನ ನಿಲ್ದಾಣದೋರು ಎತ್ತುತ್ತಾನೇ ಇಲ್ಲ!"

"ಅದು ವಿಮಾನ ಅಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ಇಡೀ ಬೀದೀನೇ ನೋಡಿದೆ!"

"ಈ ಅಂಚಿಂದ ಆ ಅಂಚಿಗೆ ಹೋಗೋಕೆ ವಿಮಾನಕ್ಕೆ ಏಳೆಂಟು ನಿಮಿಷ ಬೇಕು ರೀ. ಇದಕ್ಕೆ ಎರಡು ನಿಮಿಷಾನೂ ಹಿಡೀಲಿಲ್ಲ. ಉಲ್ಕೆ ಆಗಿದ್ರೆ ನಾಲ್ಕೈದು ಸೆಕೆಂಡಿಗೇ ಮುಗಿದುಹೋಗ್ತಿತ್ತು."

ಮಾತುಗಳು ವೀಕ್ಷಕಿಯವು, ಬೆರಳುಗಳು ತಾಯಿಯವು, ಮಗಳ ನಂಬರನ್ನೇ ಮತ್ತೆ ಮತ್ತೆ ಒತ್ತಿದವು. ಕೊನೆಗೆ ಮೆಟ್ಟಿಲ ಮೇಲೆ ಕುಳಿತು ಆಕೆ, ಇನ್ನೂರು ಕಿಲೋಮೀಟರ್ ತೆಂಕಣದ ಕೇಂದ್ರದಲ್ಲಿದ್ದ ಹಳೆಯ ಸಹೋದ್ಯೋಗಿ ಉದ್ದಣ್ಣನಿಗೆ ಫೋನು ಮಾಡಿದಳು.

"ಉದ್ದಣ್ಣಾ, ಈಗ ಆಕಾಶದಲ್ಲಿ ಏನಾದ್ರೂ ಕಂಡಿತಾ?"

"ಕಾಣದೆ ಏನಕ್ಕಾ! ಉತ್ತರದ ಕಡೆ ಬೆಂಕಿ ರೈಲು ಹೋದ ಹಾಗೆ ಹೋಯ್ತು. ಬಾಯಿ ಬಿಟ್ಕೊಂಡು ನಿಂತಿದ್ದೆ, ಸೊಳ್ಳೆ ಒಳಗೆ ಹೋಯ್ತು."

"ಎಷ್ಟು ಎತ್ತರ?"

"ದಿಗಂತದಿಂದ ಎರಡು ಮುಷ್ಟಿ."

"ಅಂದಾಜಾ?"

"ಅಂದಾಜು ಹೇಳಿದ್ರೆ ನೀವು ಸುಮ್ನೆ ಬಿಡ್ತೀರಾ? ಅಳೆದೇ ಹೇಳ್ತಿದೀನಿ."

ಬ್ರೆಡ್ಡು ತಂದಿದ್ದ ಖಾಲಿ ಕಾಗದದ ಚೀಲದ ಮೇಲೆ ಆಕೆ ತ್ರಿಕೋನವೊಂದನ್ನು ಬರೆದಳು. ಇಲ್ಲಿ ನೆತ್ತಿಯ ಮೇಲೆ, ಅಲ್ಲಿ ಎರಡು ಮುಷ್ಟಿ, ನಡುವೆ ಇನ್ನೂರು ಕಿಲೋಮೀಟರ್. ಎತ್ತರ ಎಪ್ಪತ್ತು ಕಿಲೋಮೀಟರನ್ನು ಮೀರಿತು.

"ವಿಮಾನ ಹಾರೋದು ಹತ್ತು ಕಿಲೋಮೀಟರ್ ಎತ್ತರದಲ್ಲಿ. ಇದು ಭೂಮಿ ಸುತ್ತುತ್ತಿದ್ದ ರಾಕೆಟ್ಟಿನ ತುಂಡು ರೀ. ಕೆಲಸ ಮುಗಿದಿದ್ದು, ವಾಪಸ್ ಬೀಳ್ತಾ ಗಾಳಿಗೆ ಉಜ್ಜಿ ಉರಿದುಹೋಯ್ತು."

"ಸರಿ ಕಣೇ. ಹಾಗಾದ್ರೆ ನಮ್ಮ ಮಗಳೆಲ್ಲಿ?"

ಮೋಡದಕ್ಕ ಚೀಲವನ್ನು ಮಡಚಿ ಬಾಗಿಲ ಕಡೆ ನೋಡಿದಳು. ಏಳು ದಾಟಿತು, ಏಳೂವರೆ ದಾಟಿತು. ದರ್ಜಿಯ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಯಾರೂ ಅವಳ ಮುಖ ನೋಡಲಿಲ್ಲ. ತನ್ನ ಲೆಕ್ಕ ಸರಿಯೆಂದು ಬಲ್ಲ ಬುದ್ಧಿ ಒಂದು ಕಡೆ, ಅದನ್ನು ಕಿವಿಗೇ ಹಾಕಿಕೊಳ್ಳದ ಕರುಳು ಇನ್ನೊಂದು ಕಡೆ. ಎಂಟೂ ಕಾಲಿಗೆ ಟ್ಯಾಕ್ಸಿ ನಿಂತ ಸದ್ದಾಯಿತು.

"ಅಮ್ಮಾ! ಅದೇನೋ ಬೆಂಕಿ ಕಾಣಿಸ್ತಂತೆ, ನಮ್ಮನ್ನ ಇಳಿಸದೆ ಮುಕ್ಕಾಲು ಗಂಟೆ ಮೇಲೇ ಸುತ್ತಿಸಿದ್ರು. ಇಳಿದ ಮೇಲೆ ನೋಡಿದ್ರೆ ಫೋನಲ್ಲಿ ಚಾರ್ಜೇ ಇಲ್ಲ. ಹೊಟ್ಟೆ ಚುರುಗುಟ್ಟುತ್ತಿದೆ!"

"ಬಸ್ಸಲ್ಲಿ ಬಾ ಅಂದ್ರೆ ಕೇಳ್ತೀಯಾ ನೀನು?" ಎಂದು ತಂದೆ ಗದರಿಸಹೋಗಿ, ಗಂಟಲು ಕಟ್ಟಿ ಗೋಡೆಯ ಕಡೆ ತಿರುಗಿದ.

ಮೋಡದಕ್ಕ ಏಳಲಿಲ್ಲ. ಮಗಳ ಮುಖವನ್ನೇ ದಿಟ್ಟಿಸುತ್ತ ಮೆಲ್ಲನೆ ಹೇಳಿದಳು:

"ನೀನೇ ಉರೀತಿದ್ದೀಯ ಅಂದ್ಕೊಂಡೆ ಮಗಳೇ. ಹಾಗಂದ್ಕೊಂಡೂ ಎಣಿಸ್ತಾನೇ ಇದ್ದೆ. ಒಂದು ಸೆಕೆಂಡೂ ಬಿಡಲಿಲ್ಲ. ಎಂಥಾ ತಾಯಿ ನಾನು?"

ಮಗಳು ತನ್ನ ಬ್ಯಾಗನ್ನು ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, ತಾಯಿಯ ಮಣಿಕಟ್ಟನ್ನು ಹಿಡಿದಳು. ಒಂದು ನಿಮಿಷ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ನೂರಾ ಇಪ್ಪತ್ತೆರಡು," ಎಂದಳು. "ನಿನ್ನ ಕೈ ಹಿಡಿದ ತಕ್ಷಣ ನಾನೂ ನಾಡಿ ಎಣಿಸ್ತಾ ಕೂತೆ ನೋಡು. ನಾನು ಎಂಥಾ ಮಗಳು, ಹೇಳು?"

ಆಗ ಮೋಡದಕ್ಕ ಅತ್ತಳು. ಅಳುವನ್ನು ಮಾತ್ರ ಎಣಿಸಲಿಲ್ಲ.

ಆಕಾಶವನ್ನೂ ಅಂತಃಕರಣವನ್ನೂ ನಿರ್ಮಿಸಿದ ಪರಮಾತ್ಮನು ಆಕೆಯ ಕಣ್ಣಿಗೆ ಮಂಜು ಕವಿಯದಂತೆ ಕಾಯಲಿ. ಪತಿಯ ಗಂಟಲಿಗೆ ಗದರಿಸುವ ಬಲವನ್ನು ಮರಳಿ ಕೊಡಲಿ. ಆ ಹೊಸಿಲಿನಿಂದ ಹೊರಟವರೆಲ್ಲರೂ, ತಡವಾಗಿಯಾದರೂ, ಹಸಿದಾದರೂ, ಆ ಹೊಸಿಲಿಗೇ ಬಂದು ಸೇರಲಿ.