ಮೂರನೆಯ ಕೂಗು

ನನಗೆ ಕೇಳಿಸಿತ್ತು, ರತ್ನಾ. ಆರು ವರ್ಷದಿಂದ ಕೇಳಿಸಲಿಲ್ಲ ಎನ್ನುತ್ತಲೇ ಬಂದಿದ್ದೇನೆ — ನಿನ್ನ ಅಮ್ಮನಿಗೆ, ಫಾರೆಸ್ಟ್ ವಾಚರ್‌ಗೆ, ನಿನಗೂ. ಸುಳ್ಳು. ಎರಡು ಸಲವೂ ಚೆನ್ನಾಗಿ ಕೇಳಿಸಿತ್ತು.

ಒಂದೇ ಬೀದಿಯವರು ನಾವು, ಒಂದೇ ಬಸ್ಸಿನಲ್ಲಿ ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದವರು. ಡೆಂಕಣಿಕೋಟೆಯಾಚೆ ಕಾಡಿನೊಳಗಿನ ಆ ಬೆಟ್ಟಕ್ಕೆ ಭಾನುವಾರವಾದರೆ ಜನ ಸಾಲುಗಟ್ಟಿ ಹತ್ತುತ್ತಾರೆ. ನಮ್ಮ ರಜೆ ಬುಧವಾರ, ಹಾಗಾಗಿ ಅವತ್ತು ನಾವಿಬ್ಬರೇ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಮಂಜು. ನಡುವೆ ಎರಡಡಿ ದಾರಿ, ಹಿಡಿದುಕೊಳ್ಳಲು ಬಂಡೆಗೆ ಬಿಗಿದ ಕಬ್ಬಿಣದ ಸರಪಳಿ. ತಿರುವಿನ ಹತ್ತಿರ ನೀನು ಶೂ ಲೇಸ್ ಕಟ್ಟಲು ನಿಂತೆ.

"ನೀನು ಮುಂದ್ಕೆ ಹೋಗ್ತಿರಕ್ಕ, ಹಿಂದ್ಗುಟ್ಟೇ ಬತ್ತೀನಿ" ಅಂದೆ.

ಬಸ್ಸಿಗೂ ತಡ, ಊಟಕ್ಕೂ ತಡ, ಬೆಟ್ಟಕ್ಕೂ ತಡ ಇವಳದ್ದು ಎಂದು ನಾನು ಗೊಣಗಿಕೊಂಡೇ ಹೋದೆ.

ತಿರುವು ದಾಟಿ ಸ್ವಲ್ಪ ಮೇಲೆ ಕೂತೆ. ಸರಪಳಿ ಒಮ್ಮೆ ಜಗ್ಗಿ, ಉದ್ದಕ್ಕೂ ಗಲಗಲ ಅಂದು ಸುಮ್ಮನಾಯಿತು. ಆಮೇಲೆ ಹಕ್ಕಿಯ ಸದ್ದೂ ಇಲ್ಲ. ಆಗ ಕೆಳಗಿನಿಂದ ನಿನ್ನ ದನಿ — "ಸರೋಜಕ್ಕಾ..."

ಓ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಸೌದೆಗೆ ಕರೆದೊಯ್ಯುವಾಗ ನಮ್ಮಜ್ಜಿ ಹೇಳುತ್ತಿದ್ದ ಮಾತು ನಿನಗೂ ಗೊತ್ತು: "ಬೆಟ್ಟದಾಗೆ ಯಾರಾನ ಹೆಸ್ರಿಡಿದು ಕೂಗುದ್ರೆ ಮೂರ್ನೇ ಕಿತಕ್ಕೆ ಓ ಅನ್ನು. ಅದು ಎಲ್ಡೇ ಕಿತ ಕೂಗೋದು." ಅದು ಅಂದರೆ ಏನು ಎಂದು ಅಜ್ಜಿ ಯಾವತ್ತೂ ಹೇಳಲಿಲ್ಲ.

ಎರಡನೆಯ ಕೂಗು ಕೆಳಗಿನಿಂದ ಬರಲಿಲ್ಲ. ನನ್ನ ಬೆನ್ನ ಹಿಂದೆಯೇ — ಕಿವಿಗೆ ಉಸಿರು ತಾಗುವಷ್ಟು ಹತ್ತಿರ. ನಿನ್ನದೇ ದನಿ. ತಿರುಗಿದರೆ ಬಂಡೆ.

ಮೂರನೆಯದಕ್ಕೆ ಕಾದೆ. ಬರಲಿಲ್ಲ. ನಾನು ಎದ್ದು — ಇದನ್ನು ಬರೆಯಲು ಕೈ ಬರುತ್ತಿಲ್ಲ — ಕೆಳಗಿಳಿದು ನೋಡಲಿಲ್ಲ, ಮೇಲಕ್ಕೆ ಓಡಿದೆ. ತುದಿಯಲ್ಲಿ ಕಿವಿ ಮುಚ್ಚಿಕೊಂಡು ಎರಡು ಗಂಟೆ ಕೂತಿದ್ದೆ. ಬೇಸರವಾಗಿ ವಾಪಸು ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಇಳಿದು ಬರುವಷ್ಟರಲ್ಲಿ ವಾಚರ್ ನಿನ್ನನ್ನು ಕಂಡಿದ್ದ; ನೀನು ದಾರಿಯ ಕೆಳಗಿನ ಬಂಡೆಯ ಮೇಲೆ, ಮುರಿದ ಕಾಲು ಮೈಯಡಿ ಮಡಿಚಿಕೊಂಡು ಬಿದ್ದಿದ್ದೆ. ಕೂಗಿದ್ದು ಕೇಳಿಸಲಿಲ್ಲವಾ ಎಂದು ಅವನು ತಮಿಳಿನಲ್ಲಿ ಕೇಳಿದ. ಇಲ್ಲವೆಂದು ಅವನ ಮಾತಿನಲ್ಲೇ "ಇಲ್ಲೆ" ಅಂದೆ. ತಮಿಳಿನಲ್ಲಿ ಹೇಳಿದ್ದಕ್ಕೋ ಏನೋ, ಸುಳ್ಳು ಹಗುರವಾಗಿ ಹೊರಬಂತು. ಬೇಗ ತಂದಿದ್ದರೆ ಕಾಲು ಉಳಿಸಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದಾಗಲೂ ನಾನು ಅಲ್ಲೇ ನಿಂತಿದ್ದೆ.

ಸಮಾಧಾನ ಮಾಡಿದವಳೂ ನೀನೇ. "ಅಳ್ಬೇಡ ಸುಮ್ಕಿರಕ್ಕ. ನಾನೆಲ್ಲಿ ಕೂಗ್ದೆ? ಬಿದ್ದೇಟ್ಗೆ ಗ್ಯಾನ ಹೋಗ್ಬುಡ್ತು."

ಹಾಗಾದರೆ ಕೂಗಿದ್ದು ಯಾರು? ಆದರೆ ಅದೇ ಗಳಿಗೆಯಲ್ಲಿ ಒಳಗೊಳಗೇ ಖುಷಿಯೂ ಆಯಿತು — ನೀನು ಕೂಗಿಲ್ಲವಾದರೆ ನನ್ನ ತಪ್ಪೇನೂ ಇಲ್ಲವಲ್ಲ ಎಂದು. ಆ ಖುಷಿ ನೆನೆದರೇ ನನಗೆ ಹೆಚ್ಚು ನಾಚಿಕೆ. ಯಾರೇ ಕೂಗಿರಲಿ, ಸರಪಳಿ ಜಗ್ಗಿದ್ದು ಕೇಳಿದ್ದವಳು ನಾನು. ನೀನಿರಬಹುದು ಎಂದು ಗೊತ್ತಿದ್ದೂ ಸುಮ್ಮನಿದ್ದೆ.

ಈಗಲೂ ನೀನು ಊರುಗೋಲು ಊರಿಕೊಂಡು ನಮ್ಮ ಬಾಗಿಲಿಗೆ ಬಂದು ಮೂರು ಸಲ ಕೂಗುತ್ತೀಯ. ಮೂರನೆಯದಕ್ಕೇ ನಾನು ಓಗೊಡುವುದು. "ಕಿವುಡಿ ಆಗ್ಬುಟ್ಯೇನಕ್ಕ?" ಎಂದು ನಗುತ್ತೀಯ. ಕಾರಣ ಇದು. ಕೆಲವು ದಿನ ಎರಡೇ ಕೂಗು ಕೇಳಿಸುತ್ತದೆ. ಬಾಗಿಲು ತೆರೆದರೆ ಅಂಗಳದಲ್ಲಿ ಯಾರೂ ಇರುವುದಿಲ್ಲ. ಅದನ್ನೂ ನಿನಗೆ ಹೇಳಿರಲಿಲ್ಲ.

ನಾಳೆ ನೀನು ಬಂದಾಗ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ. ಓದಿದ ಮೇಲೆ ಈ ಬಾಗಿಲಿಗೆ ನೀನು ಬಾರದೇ ಹೋಗಬಹುದು. ಆದರೂ ಇನ್ನು ಮೇಲೆ ಮೊದಲನೆಯ ಕೂಗಿಗೇ ಓ ಎಂದು ಎದ್ದು ಬರುತ್ತೇನೆ — ಕೂಗಿದ್ದು ನೀನಲ್ಲದಿದ್ದರೂ.