ಸೀರೆಗೆ ಸಿಗದ ವೈರು

ನಮ್ಮ ಯಜಮಾನರದು ಅಳೆದು ಸುರಿದು ಕೆಲಸ ಮಾಡುವ ಸ್ವಭಾವ. ಆ ದಿನವೂ ಗುಂಡ್ಲುಪೇಟೆಯ ನಮ್ಮ ಮನೆಯ ಹಜಾರದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಊಟಕ್ಕೆ ಕರೆದರೂ ಏಳದೆ, ಡೈನಮೋ ವೈರನ್ನು ಮರೆಮಾಡುತ್ತ ಕೂತಿದ್ದರು. ಐವತ್ತರ ದಶಕದಲ್ಲಿ ನಮ್ಮ ಬೀದಿಗೆಲ್ಲ ಡೈನಮೋ ಇದ್ದ ಸೈಕಲ್ ಅದೊಂದೇ. ಜಂಬಕ್ಕೆ ಮಾಡುತ್ತಿದ್ದಾರೆ ಎಂದು ಬೀದಿಯವರು ತಿಳಿದಿರಬೇಕು.

ಹಿಂದಿನ ವರ್ಷ ಆ ವೈರು ಹಿಂದಿನ ಚಕ್ರದ ಡೈನಮೋದಿಂದ ಮುಂದಿನ ದೀಪದವರೆಗೆ ಜೋತಾಡುತ್ತಿತ್ತು. ಬೇಗೂರಿನ ಒಂದು ಮದುವೆಗೆ ಹೋಗುವಾಗ ಕ್ಯಾರಿಯರ್ ಮೇಲೆ ಕೂತಿದ್ದ ನನ್ನ ಸೆರಗು ಅದಕ್ಕೆ ಸಿಕ್ಕಿತು, ಚಕ್ರ ಎಳೆದುಕೊಂಡಿತು, ನಾನು ರಸ್ತೆಗೆ ಬಿದ್ದೆ. ಆಗ ಬಸುರಿ. ಆ ಮಗು ಉಳಿಯಲಿಲ್ಲ. ಅವರು ಆ ಬಗ್ಗೆ ತುಟಿ ಬಿಚ್ಚಲಿಲ್ಲ. ವೈರನ್ನು ಕಿತ್ತು ಸೂರಿಗೆ ಸಿಕ್ಕಿಸಿದರು, ಅಷ್ಟೆ. ಅಲ್ಲಿಂದೀಚೆಗೆ ನಾನು ಕ್ಯಾರಿಯರ್ ಹತ್ತಿರಲಿಲ್ಲ.

ಈಗ ಹಂಗಳದಲ್ಲಿ ನಮ್ಮವ್ವನಿಗೆ ಜ್ವರ ಎಂದು ಸುದ್ದಿ ಬಂದಿತ್ತು. ಬಸ್ಸು ಕೆಟ್ಟು ನಿಂತಿತ್ತು. ನನಗೋ ಮತ್ತೆ ತಿಂಗಳು ನಿಂತಿತ್ತು. ಅದನ್ನು ಮೊದಲು ಹೆತ್ತವಳಿಗೆ ಹೇಳಬೇಕು, ಆಮೇಲೆ ಅವಳೇ ಅಳಿಯನ ಕಿವಿಗೆ ಹಾಕುತ್ತಾಳೆ. ನಮ್ಮಲ್ಲಿ ಹಾಗೆ. ಅದಕ್ಕೇ ಅವರಿಗೆ ಹೇಳದೆ ನೋಡುತ್ತ ನಿಂತೆ.

ಸಾಬರ ಸೈಕಲ್ ಶಾಪಿನಿಂದ ತಂದ ಕರಿ ಟೇಪಿನಲ್ಲಿ ವೈರನ್ನು ಸೈಕಲ್ಲಿನ ಕರಿ ಬಾರಿನ ಅಡಿಗೆ ಒತ್ತಿ ಸುತ್ತಿದರು. ದೀಪದ ಹತ್ತಿರ ಒಂದಿಷ್ಟೂ ಸಡಿಲ ಉಳಿಯದಂತೆ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಎಳೆದು ಕಟ್ಟಿದರು. ಪೆಡಲ್ ತಿರುಗಿಸಿದರೆ ದೀಪ ಉರಿಯಿತು.

"ಬೆಳ್ಳು ಆಡ್ಸಿ ನೋಡು, ಎಲ್ಲಾರ ಸಿಕ್ತದಾ?"

ವೈರಿನುದ್ದಕ್ಕೂ ಬೆರಳು ಆಡಿಸಿದೆ. ಎಲ್ಲೂ ಸಿಗಲಿಲ್ಲ.

ಹೊರಟಾಗ ಹೊತ್ತು ಇಳಿದಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದು, ಸೀಟಿನ ಸ್ಪ್ರಿಂಗು ಹಿಡಿದು ಕೂತೆ. ದಾರಿಯುದ್ದಕ್ಕೂ ಅವರದು ಒಂದೇ ಮಾತು, "ಸೆರಗು?" ನನ್ನದು ಒಂದೇ ಉತ್ತರ, "ಸೊಂಟದಲ್ಲೇ ಅದೆ." ಗೋಪಾಲಸ್ವಾಮಿ ಬೆಟ್ಟ ಕಪ್ಪಾಗುತ್ತಿತ್ತು. ಆ ರಸ್ತೆಯಲ್ಲಿ ಎಲ್ಲರಿಗೂ ಆನೆಯ ಭಯ. ನಮಗೆ ಅದು ನೆನಪಿಗೇ ಬರಲಿಲ್ಲ.

ಹಂಗಳ ಹತ್ತಿರವಾದಾಗ ಮೋರಿಯ ಬಳಿ ಎತ್ತಿನಗಾಡಿ ಎದುರಾಯಿತು. ಅವರು ಬ್ರೇಕು ಹಿಡಿದು ಕಾಲೂರುವಷ್ಟರಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿ, ಬಿಗಿದಿದ್ದ ವೈರು ದೀಪದಿಂದ ಕಿತ್ತು ಬಂತು. ಹ್ಯಾಂಡಲ್ ತಿರುಗಲಿಕ್ಕೂ ಒಂದಿಷ್ಟು ವೈರು ಸಡಿಲ ಬಿಡಬೇಕೆಂದು ಸೆರಗಿನ ಭಯದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಕೆಳಗೆ ಜಿಗಿದಿದ್ದೆ.

ಗಾಡಿ ದಾಟಿಹೋಯಿತು. ಅವರು ಟೇಪನ್ನು ಉಗುರಿನಿಂದ ಕಿತ್ತು, ವೈರು ಸಡಿಲಿಸಿ ತುದಿಯನ್ನು ದೀಪಕ್ಕೆ ಸುತ್ತಿದರು. ಅದು ಮತ್ತೆ ಜೋತುಬಿತ್ತು.

"ಅತ್ತು, ಮೆಲ್ಲಗೆ ತುಳೀತೀನಿ," ಎಂದು ಕ್ಯಾರಿಯರ್ ತೋರಿಸಿದರು.

"ನಾ ಅತ್ತಕಿಲ್ಲ. ನಡ್ಕೊಂಡೇ ಓಗನ."

"ಅವತ್ತು ನನ್ನಿಂದ್ಲೇ ಆಯ್ತು ಅಂತ ಇನ್ನೂವೆ..." ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

"ಅದ್ಕಲ್ಲ. ಮತ್ತೆ ತಿಂಗ್ಳು ನಿಂತದೆ."

ಅವರು ವೈರಿಲ್ಲದ ಮಗ್ಗುಲಿಗೆ ನನ್ನನ್ನು ಕಳಿಸಿ ಸೈಕಲ್ ತಳ್ಳತೊಡಗಿದರು. ಜೋರಾಗಿ ತಳ್ಳಿದರೆ ದೀಪ ಬೆಳಗಿ ದಾರಿ ಕಾಣುತ್ತಿತ್ತು, ನಾನು ಹಿಂದೆ ಬೀಳುತ್ತಿದ್ದೆ. ನನ್ನ ಜೊತೆ ನಡೆದರೆ ದೀಪ ಕೆಂಡದಷ್ಟಾಗುತ್ತಿತ್ತು. ಅವರು ನನ್ನ ಹೆಜ್ಜೆಗೇ ನಡೆದರು.

ಅವ್ವ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದಳು. ಜ್ವರ ಇಳಿದಿತ್ತು. ಅವಳಿಗಿಂತ ಮೊದಲು ಅವರಿಗೆ ಹೇಳಿಬಿಟ್ಟೆನಲ್ಲ ಎಂದು ಅಳುಕುತ್ತಲೇ ಬಾಯಿ ತೆರೆದೆ. ಮಾತು ಹೊರಡುವ ಮುಂಚೆಯೇ ಅವಳು ಸೈಕಲ್ ತಳ್ಳಿಕೊಂಡು ಬಂದ ಅಳಿಯನನ್ನು ನೋಡಿದಳು, ಆಚೆ ಮಗ್ಗುಲಲ್ಲಿ ನಡೆದು ಬಂದ ನನ್ನನ್ನು ನೋಡಿದಳು.

"ಎಷ್ಟು ತಿಂಗ್ಳು ಕಣಮ್ಮಿ?" ಎಂದಳು.